ಹಾಡುವ ಮಗು ದೊಡ್ಡವಳಾದ ಮೇಲೂ ಹಾಡುತ್ತಿರಬೇಕಾದರೆ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತೇನೆ. "ಮಗಳನ್ನು ಟಿವಿಗೆ ಕಳಿಸೋದು ಹೇಗೆ?" ಅಂತ ಕೇಳುವ ಅಮ್ಮಂದಿರಿಗೆ ಮೊದಲು ಇಂಡೋನೇಷ್ಯಾದ ಗಾಯಕಿ ಶೆರಿನಾ ಮುನಾಫ್ ಕತೆ ಹೇಳುತ್ತೇನೆ. 1990ರಲ್ಲಿ ಬಾಂಡುಂಗ್‌ನಲ್ಲಿ ಹುಟ್ಟಿದವರು. 1999ರಲ್ಲಿ ಮೊದಲ ಆಲ್ಬಂ. 2000ದಲ್ಲಿ ಅವರದೇ ಹೆಸರಿನ ಸಿನಿಮಾ. 2007ರಲ್ಲಿ ಬೆಳೆದ ದನಿಯ ಹೊಸ ಆಲ್ಬಂ. ಆ ಸಿನಿಮಾದ ಎರಡನೇ ಭಾಗ ಬಂದಿದ್ದು 2023ರಲ್ಲಿ! ಇಪ್ಪತ್ಮೂರು ವರ್ಷ ಕಾಯೋದು ಅಂದರೆ ಸುಮ್ನೆ ಅಲ್ಲ.

ಹಾಗಾಗಿ ಮೊದಲು ದನಿ ಉಳಿಸಿ. ಹನ್ನೊಂದು, ಹನ್ನೆರಡರ ಹೊತ್ತಿಗೆ ಹುಡುಗಿಯರ ದನಿಯೂ ಬದಲಾಗುತ್ತದೆ. ಗಾಳಿ ಸೇರಿದಂತೆ ಕೇಳಿಸುತ್ತದೆ, ಮೇಲಿನ ಸ್ವರ ಜಾರುತ್ತದೆ. ಆಗ ಶ್ರುತಿ ಒಂದು ಮನೆ ಇಳಿಸಿ, ಅಂದರೆ ಹಾಡಿನ ಆಧಾರ ಸ್ವರವನ್ನು ಸ್ವಲ್ಪ ತಗ್ಗಿಸಿ. ಗಂಟಲು ನೋಯುತ್ತಿದ್ದರೆ ಹಾಡಿಸಲೇಬೇಡಿ. ನನ್ನ ಮಗಳನ್ನು ಒಂದು ಗಣಪತಿ ಪೆಂಡಾಲಿನಲ್ಲಿ ಶೀತ ಇದ್ದಾಗಲೇ ಹಾಡಿಸಿದೆ. ಎರಡು ವಾರ ಅವಳಿಗೆ ಮಾತೇ ಬರಲಿಲ್ಲ. ಆ ನೋವು ಇನ್ನೂ ಇದೆ.

ಶೂಟಿಂಗ್‌ಗೆ ಕರೆ ಬಂದರೆ ಕಾನೂನು ತಿಳಿದಿರಲಿ. ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಜಿಲ್ಲಾಧಿಕಾರಿ ಅನುಮತಿಯನ್ನು ನಿರ್ಮಾಪಕರೇ ಪಡೆಯಬೇಕು. ಅದನ್ನು ಕೇಳಿ ನೋಡಿ, ನಾಚಿಕೆ ಬೇಡ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ 20 ಭಾಗ, ಅಂದರೆ ನೂರಕ್ಕೆ ಇಪ್ಪತ್ತು ರೂಪಾಯಿ, ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಅವಳ ಹೆಸರಲ್ಲೇ ಠೇವಣಿ ಆಗಬೇಕು. ಆ ಠೇವಣಿ ರಸೀದಿಯನ್ನು ಅವಳಿಗೂ ತೋರಿಸಿ. ಅದು ಅವಳ ದುಡ್ಡು ಅಲ್ವಾ?