ಕೆನಡಾ: ವಲಸೆ ಮೇಲ್ಮನವಿ ತಿರಸ್ಕೃತವಾದರೆ ಫೆಡರಲ್ ಕೋರ್ಟಿಗೆ ಹೋಗುವ ಬಗೆ

ಸಂಗಾತಿಯನ್ನು ಕೆನಡಾಕ್ಕೆ ಕರೆಸಿಕೊಳ್ಳುವ ಸ್ಪಾನ್ಸರ್‌ಶಿಪ್ ಕುರಿತ ಮೇಲ್ಮನವಿಯನ್ನು ಇಮಿಗ್ರೇಷನ್ ಅಪೀಲ್ ಡಿವಿಷನ್ (ವಲಸೆ ಮೇಲ್ಮನವಿಗಳನ್ನು ಕೇಳುವ ನ್ಯಾಯಮಂಡಳಿ) ತಳ್ಳಿಹಾಕಿದೆಯೇ? ತೀರ್ಪು ಕೈಸೇರಿದ ದಿನಾಂಕವನ್ನು ಮೊದಲು ಬರೆದಿಟ್ಟುಕೊಳ್ಳಿ. ಅಲ್ಲಿಂದ 15 ದಿನಗಳೊಳಗೆ ಫೆಡರಲ್ ಕೋರ್ಟಿನಲ್ಲಿ ಅನುಮತಿ ಅರ್ಜಿ, ಅಂದರೆ ಆ ತೀರ್ಪನ್ನು ಕೋರ್ಟು ಪರಿಶೀಲಿಸಲು ಅನುಮತಿ ಕೇಳುವ ಅರ್ಜಿ, ದಾಖಲಾಗಬೇಕು. ಶುಲ್ಕ 50 ಡಾಲರ್. ಸಂಗಾತಿ ಬೆಂಗಳೂರಿನಲ್ಲಿದ್ದಾರೆ, ಹಾಗಾಗಿ 60 ದಿನ ಸಿಗುತ್ತದೆ ಎಂದುಕೊಂಡು ಕೆಲವರು ಕೆಡುತ್ತಾರೆ. 60 ದಿನ ಇರುವುದು ಕೆನಡಾದ ಹೊರಗೆ ಆದ ನಿರ್ಧಾರಗಳಿಗೆ. ಡಿವಿಷನ್‌ನ ತೀರ್ಪು ಕೆನಡಾದೊಳಗಿನದು. ತಡವಾದರೆ ಅದೇ ಅರ್ಜಿಯಲ್ಲೇ ಕಾರಣ ಕೊಟ್ಟು ಅವಧಿ ವಿಸ್ತರಣೆ ಕೇಳಬೇಕು.

ನ್ಯಾಯಾಧೀಶರು ನಿಮ್ಮ ಮದುವೆ ನಿಜವೇ ಎಂದು ಮತ್ತೆ ವಿಚಾರಿಸುವುದಿಲ್ಲ. ಕೆನಡಾದ ಸುಪ್ರೀಂ ಕೋರ್ಟಿನ 2019ರ ವಾವಿಲೊವ್ ತೀರ್ಪಿನ ಪ್ರಕಾರ, ನಿರ್ಧಾರ ಸಮಂಜಸವೇ ಎಂದಷ್ಟೇ ನೋಡುತ್ತಾರೆ. ಆದ್ದರಿಂದ 'ನಮಗೆ ಅನ್ಯಾಯವಾಗಿದೆ' ಎಂದರೆ ಸಾಲದು. ವರ್ಷಗಳ ವಾಟ್ಸಾಪ್ ಮಾತುಕತೆ, ಹಣ ಕಳಿಸಿದ ರಸೀದಿ ಕಡತದಲ್ಲಿದ್ದೂ ತೀರ್ಪು ಅವುಗಳ ಸೊಲ್ಲೆತ್ತಿಲ್ಲವೇ? ಕಡತದ ಪುಟ, ತೀರ್ಪಿನ ಪ್ಯಾರಾ ಎರಡನ್ನೂ ನಮೂದಿಸಿ ತೋರಿಸಿ. ಹೊಸ ಪುರಾವೆಗೆ ಇಲ್ಲಿ ಸಾಮಾನ್ಯವಾಗಿ ಜಾಗವಿಲ್ಲ.

ಅರ್ಜಿಯ ಹಿಂದೆಯೇ ತೀರ್ಪು, ಕಾರಣಗಳು, ಅಫಿಡವಿಟ್, ವಾದಪತ್ರ ಸೇರಿದ ದಾಖಲೆ ಸಲ್ಲಿಸಬೇಕು. ಇದಕ್ಕೆ ಬೇರೆಯೇ ಗಡುವಿದೆ; ಅದು ತಪ್ಪಿದರೆ ಅರ್ಜಿಯೇ ವಜಾ ಆಗಬಹುದು. ಕನ್ನಡ ಮಾತ್ರ ಬಲ್ಲವರು ಅಫಿಡವಿಟ್ ಕೊಡುವಾಗ ಪ್ರಮಾಣ ಮಾಡಿದ ದುಭಾಷಿ ಅದನ್ನು ಓದಿ ತಿಳಿಸಿರಬೇಕು.

ಅನುಮತಿ ನಿರಾಕರಿಸಿದರೆ ಅದರ ಮೇಲೆ ಮೇಲ್ಮನವಿಯಿಲ್ಲ. ಸಿಕ್ಕರೆ 30ರಿಂದ 90 ದಿನಗಳೊಳಗೆ ವಿಚಾರಣೆ. ಗೆದ್ದರೂ ಕೋರ್ಟು ವೀಸಾ ಕೊಡುವುದಿಲ್ಲ. ಸಾಮಾನ್ಯವಾಗಿ ಪ್ರಕರಣ ಡಿವಿಷನ್‌ನ ಬೇರೊಬ್ಬ ಸದಸ್ಯರ ಮುಂದೆ ಮರುವಿಚಾರಣೆಗೆ ಹೋಗುತ್ತದೆ.