ಒಂದು ಕ್ವಾರ್ಟರ್ ಅಂದ್ರೆ ಆರು ಲೋಟ

ನಾನು ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಪಿಯುಸಿವರೆಗೆ ಓದಿದವಳು. ಊರು ಬಾಗಲಕೋಟೆ ಕಡೆ, ಇರೋದು ಗೋವಾದ ವಾಸ್ಕೋ ಊರಿನ ಬೈನಾದಲ್ಲಿ. ಗೌಂಡಿ ಕೆಲಸ, ಹಮಾಲಿ ಅಂತ ಬಂದ ನಮ್ಮ ಕಡೆಯವರು ಇಲ್ಲಿ ಜಾಸ್ತಿ. ಕುಡಿತ ಕಡಿಮೆ ಮಾಡಲು ನೆರವಾಗುವ ಸಲಹೆಗಾರ್ತಿಯಾಗಿ ತರಬೇತಿ ಪಡೆದೆ. ನನ್ನಂಥವರಿಂದ ಇದಾಗುತ್ತಾ ಅಂತ ಕೇಳುವವರಿದ್ದಾರೆ. ಮಾನಸಿಕ ಆರೋಗ್ಯಕ್ಕಾಗಿ ಕೆಲಸ ಮಾಡುವ ಸಂಗಾತ್ ಸಂಸ್ಥೆ ಗೋವಾದ ಆರೋಗ್ಯ ಕೇಂದ್ರಗಳಲ್ಲೇ ನಡೆಸಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಸಲಹೆ ಕೊಟ್ಟವರು ನನ್ನಂಥ ಸಾಮಾನ್ಯರೇ, ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳಿಗೆ ಕುಡಿತ ಅಪಾಯದ ಮಟ್ಟದಿಂದ ಇಳಿದವರು ನೂರಕ್ಕೆ 36, ಮಾಮೂಲಿ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ 26.

ಮೊದಲ ತಿಂಗಳು ನಾನು ಬರೀ ಬುದ್ಧಿ ಹೇಳಿದೆ. "ಅಣ್ಣಾರ, ಮಕ್ಕಳ ಮಾರಿ ನೋಡಿ ಬಿಟ್ಟುಬಿಡ್ರಿ." ತಲೆಯಾಡಿಸಿ ಹೋದವರು ಮತ್ತೆ ಬರಲಿಲ್ಲ. ವಾರಕ್ಕೊಮ್ಮೆ ನಾವು ಸಲಹೆಗಾರರೆಲ್ಲ ಕೂತು, ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ ಮಾತುಕತೆ ಕೇಳಿ ಒಬ್ಬರಿಗೊಬ್ಬರು ಅಂಕ ಕೊಡುತ್ತೇವೆ. ನನ್ನದು ಹಾಕಿದಾಗ ಕೇಳಿದ್ದು ಪೂರಾ ನನ್ನದೇ ದನಿ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಒಬ್ಬ ಗೌಂಡಿ ಬಂದರು. "ನಾ ಏನ್ ಭಾಳ ಕುಡಿಯೂದಿಲ್ರಿ ಅಕ್ಕಾರ, ದಿನಾ ಒಂದ್ ಕ್ವಾರ್ಟರ್ ಅಷ್ಟ." ಖಾಲಿ ಕ್ವಾರ್ಟರ್ ಬಾಟಲಿಗೆ, ಅಂದ್ರೆ 180 ಎಂಎಲ್‌ದಕ್ಕೆ, ನೀರು ತುಂಬಿ ಅವರ ಕೈಗೇ ಕೊಟ್ಟೆ. 30 ಎಂಎಲ್ ಅಳತೆಯಲ್ಲಿ ಚಹಾ ಲೋಟಗಳಿಗೆ ಸುರಿದರು. ಸಾಲಾಗಿ ಆರು ಲೋಟ. ವಿಸ್ಕಿ ಆಗಿದ್ದರೆ ಒಂದೊಂದರಲ್ಲೂ ಸುಮಾರು 10 ಗ್ರಾಂ ಆಲ್ಕೋಹಾಲ್. ಅವರು ಲೋಟಗಳನ್ನೇ ನೋಡುತ್ತಾ ಕೂತರು. ನಾನೂ ಸುಮ್ನೆ ಕೂತೆ.

"ವಾರಕ್ಕ ಎಷ್ಟಾತ್ರಿ?"

"ನೀವ ಲೆಕ್ಕ ಹಾಕ್ರಿ."

ಬೆರಳು ಮಡಚಿ ಎಣಿಸಿದರು. ನಲವತ್ತೆರಡು.

ಶನಿವಾರ ಬಟವಾಡೆಯಾದ ಮೇಲೆ ಕೈ ತಡೆಯಲ್ಲ ಅಂದರು. ಕೂಲಿ ಹೆಂಡತಿಯ ಖಾತೆಗೆ ಹಾಕಿ ಅಂತ ಮೇಸ್ತ್ರಿಗೆ ಹೇಳುವ ಯೋಚನೆ ಅವರದೇ. ಹಸಿವಾದರೆ ಆಸೆ ಜಾಸ್ತಿ ಅಂತ ಸಂಜೆ ಕೆಲಸ ಬಿಟ್ಟ ಕೂಡಲೇ ಪಾವ್ ತಿನ್ನೋದೂ ಅವರೇ ಕಂಡುಕೊಂಡದ್ದು. ನಾಲ್ಕನೇ ಭೇಟಿಗೆ ಬಂದವರು ಕ್ವಾರ್ಟರ್ ಅನ್ನಲೇ ಇಲ್ಲ. "ಈ ವಾರ ಹನ್ನೆರಡು ಲೋಟ ರೀ" ಅಂದರು.

ಎಲ್ಲರಿಗೂ ಕಡಿಮೆ ಮಾಡಿ ಅನ್ನುವಂತಿಲ್ಲ. ಬೆಳಿಗ್ಗೆ ಕೈ ನಡುಗುತ್ತಾ, ಬೆವರು ಬರುತ್ತಾ ಅಂತ ಮೊದಲೇ ಕೇಳುತ್ತೇನೆ. ಅಂಥವರು ದಿಢೀರ್ ಅಂತ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಅದು ಡಾಕ್ಟರ ಕೆಲಸ. ಜೊತೆಗೆ ನಾನೇ ಹೋಗುತ್ತೇನೆ. ಕೊಂಕಣಿಯಲ್ಲಿ ಏನು ಕೇಳಿದರೂ ನಮ್ಮವರು ಸುಮ್ನೆ ಹೂಂ ಅಂದುಬಿಡುತ್ತಾರೆ.