ಅಂಬಾಸಿಡರ್ ವೈಪರ್ ನಿಂತ್ರ ಪೈಲೆ ಮೋಟಾರ್ ಬಿಚ್ಚಬ್ಯಾಡ್ರಿ

ಮಿರಗ ಕೂಡಿ ಮೊದಲ ಮಳಿ ಬಿತ್ತಂದ್ರ ಕಲಬುರಗಿಯ ಹುಮನಾಬಾದ್ ಬೇಸ್ ಹತ್ರದ ನನ್ನ ಅಂಗಡಿ ಮುಂದ ಹಳೇ ಗಾಡಿ ಸಾಲ ಹಚ್ಚತಾವ. ಎಲ್ಲಾರ ತಕರಾರೂ ಒಂದ: "ಉಸ್ತಾದ್, ವೈಪರ್ ಮೋಟಾರ್ ಸುಟ್ಟದ, ವೈಂಡಿಂಗ್ ಮಾಡಿ ಕೊಡ್ರಿ." ವೈಂಡಿಂಗ್ ಅಂದ್ರ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತೋದು. ಬಿಚ್ಚಿ ನೋಡಿದ್ರ ಭಾಳಷ್ಟು ಸಲ ಮೋಟಾರ್ ಸುಟ್ಟಿರಂಗಿಲ್ಲ. ನಮ್ಮ ಊರಾಗ ವೈಪರ್ ಓಡಿ ಕೆಡಂಗಿಲ್ಲ, ಸುಮ್ಮ ಕುಂತು ಕೆಡ್ತದ. ಅಕ್ಟೋಬರ್‌ದಾಗ ಬಂದ್ ಮಾಡಿದ ಸ್ವಿಚ್ಚು ಜೂನ್ ತನಕಾ ಯಾರೂ ಮುಟ್ಟಂಗಿಲ್ಲ. ನಡುವ ಬ್ಯಾಸಗಿ ಬಿಸಲು. ಹಳೇ ಗ್ರೀಸ್ ಒಣಗಿ ಅಂಟಾಗ್ತದ, ಅದರ ಮ್ಯಾಲ ಎರಿ ಮಣ್ಣಿನ ಧೂಳು ಕೂಡ್ತದ. ಆ ಅಂಟಿನೊಳಗ ಎಳಿಲಿಕ್ಕೆ ಮೋಟಾರಿಗೆ ದಮ್ ಸಾಲಂಗಿಲ್ಲ, ಅಷ್ಟ.

ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅದಕ್ಕ ವೈಪರೂ ಲೂಕಾಸ್ ಪದ್ಧತಿದು; ಲೂಕಾಸ್ ಅಂದ್ರ ಗಾಡಿಯ ಕರೆಂಟ್ ಸಾಮಾನು ಮಾಡ್ತಿದ್ದ ಇಂಗ್ಲೆಂಡಿನ ಕಂಪನಿ. ಮೋಟಾರ್ ಒಳಗ ಒಂದು ಗೇರ್ ಚಕ್ರ ತಿರುಗ್ತದ, ಅದರ ಪಿನ್ನಿಗೆ ಹಚ್ಚಿದ ಸಣ್ಣ ತೋಳು ಕ್ರಾಸ್‌ಹೆಡ್ ಅನ್ನೋ ತುಂಡನ್ನ ಹಿಂದ-ಮುಂದ ನೂಕ್ತದ. ಕ್ರಾಸ್‌ಹೆಡ್ಡಿಗೆ ರ್‍ಯಾಕ್ ಕೇಬಲ್ ಕಟ್ಟಿರ್ತದ. ಕೇಬಲ್ ಸುತ್ತ ಸ್ಪ್ರಿಂಗಿನ ಹಾಂಗ ತಂತಿ ಸುತ್ತಿರ್ತದ, ಆ ಸುತ್ತುಗಳೇ ಹಲ್ಲು. ಕೇಬಲ್ ಕೊಳವಿಯೊಳಗಿಂದ ಹಾಯ್ದು ಎರಡು ವೀಲ್‌ಬಾಕ್ಸಿಗೆ ಹೋಗಿ ಅಲ್ಲಿಯ ಹಲ್ಲಿನ ಚಕ್ರ ತಿರುವ್ತದ, ಆ ಚಕ್ರದ ದಂಡಿಗೆ ವೈಪರ್ ತೋಳು. ಇಷ್ಟು ಉದ್ದದ ದಾರಿಯೊಳಗ ಎಲ್ಲೇ ಬಿಗಿಯಾದ್ರೂ ಬೈಗುಳ ತಿನ್ನೋದು ಮೋಟಾರು. ಪ್ರೀಮಿಯರ್ ಪದ್ಮಿನಿ ಕಾರಿಂದು ಬ್ಯಾರೆ, ಅದರಾಗ ಕೇಬಲ್ ಇಲ್ಲ, ಸರಳಿನ ಲಿಂಕ್ ಅದಾವ. ಅದನ್ನ ಕಡೀಗೆ ಹೇಳ್ತೀನಿ.

ಪೈಲೆ ಅರ್ಥಿಂಗ್ ನೋಡ್ರಿ, ಅಂದ್ರ ಕರೆಂಟ್ ಬಾಡಿ ಹಾಯ್ದು ಬ್ಯಾಟ್ರಿಗೆ ತಿರುಗಿ ಹೋಗೋ ದಾರಿ. ಮೋಟಾರ್ ಸದ್ದು ಬಾಡಿಗೆ ಬರಬಾರದಂತ ರಬ್ಬರ್ ಮ್ಯಾಲ ಕೂಡಿಸಿರ್ತಾರ. ಹಂಗಾಗಿ ಬೋಲ್ಟಿನಿಂದ ಅರ್ಥಿಂಗ್ ಸಿಗಂಗಿಲ್ಲ, ಕರಿ ವೈರಿನಿಂದ ಸಿಗಬೇಕು. ಗಾಜಿಗೆ ನೀರು ಹೊಡೆದು ವೈಪರ್ ಚಾಲೂ ಮಾಡ್ರಿ. ವೋಲ್ಟ್ ಮೀಟರಿನ ಒಂದು ಕಡ್ಡಿ ಆ ಕರಿ ವೈರ್ ಹೋಗಿ ಸೇರೋ ಬಾಡಿ ಜಾಗಕ್ಕ, ಇನ್ನೊಂದು ಬ್ಯಾಟ್ರಿಯ ಅರ್ಥಿಂಗ್ ತಲಿಗೆ ಹಿಡೀರಿ. ಆಮ್ಯಾಲ ಅದೇ ವೈರಿನ ಎರಡೂ ತುದಿ ನಡುವ ಹಿಡೀರಿ. ಎರಡೂ ಕೂಡಿ ಕಾಲು ವೋಲ್ಟಿನ ಒಳಗ ಬಂದ್ರ ಚಿಂತಿ ಇಲ್ಲ. ಅರ್ಧ, ಒಂದು ವೋಲ್ಟ್ ತೋರಿಸಿದ್ರ ಅಲ್ಲೇ ಕಳ್ಳ ಸಿಕ್ಕ. ತುಕ್ಕು ಕೆರೆದು, ವೈರ್ ತುದಿಗೆ ಹೊಸ ಥಿಂಬಲ್ ಹಚ್ಚಿ, 2.5 ಚದರ ಮಿಲಿಮೀಟರ್ ವೈರ್ ಎಳೀರಿ. ಹಸಿರು ವೈರ್ ಅಂದ್ರ ಕೀ ಹಾಕಿದ ಮ್ಯಾಲ ಫ್ಯೂಸಿನಿಂದ ಬರೋ ಕರೆಂಟು. ಅದರ ವೋಲ್ಟೇಜೂ ಮೋಟಾರ್ ಹತ್ರ ಅಳೀರಿ. ಲೂಕಾಸಿನ ಹಳೇ ಗಾಜಿನ ಫ್ಯೂಸ್ ಮ್ಯಾಲ 35 ಅಂತ ಬರೆದಿರ್ತದ. ಅದು ಫ್ಯೂಸ್ ಹಾರೋ ಕರೆಂಟು. ಸತತ ತಾಳೋದು 17 ಆಂಪಿಯರ್ ಅಷ್ಟ. ಈಗಿನ 35ರ ಫ್ಯೂಸ್ ತಂದು ಹಾಕಿದ್ರ ಅದು ಹಾರೂದ್ರೊಳಗ ವೈರೇ ಸುಡ್ತದ.

ಕರೆಂಟ್ ಸರಿ ಇದ್ರೂ ತೋಳು ಮೆಲ್ಲಕ ಓಡಿದ್ರ ಈಗ ಕೇಬಲ್ ಕಡಿ ಬರೋಣ. ಕೆಲಸ ಇರೋದೇ ಇಲ್ಲಿ, ಮತ್ತ ಮಿಸ್ತ್ರಿಗಳು ಬಿಟ್ಟು ಹೋಗೋದೂ ಇದನ್ನೇ.

ಎರಡೂ ವೈಪರ್ ತೋಳು ತೆಗೀರಿ. ಸ್ಕ್ರೂಡ್ರೈವರ್ ಗಾಜಿಗೆ ಊರಿ ಎತ್ತಬ್ಯಾಡ್ರಿ, ಹಳೇ ಗಾಜು ಸಿಗೋದು ಮೋಟಾರ್ ಸಿಗೋದ್ಕಿಂತ ಕಷ್ಟ. ತೋಳಿನ ಬುಡದ ಕ್ಲಿಪ್ ಎತ್ತಿ ಕೈಲೇ ಅಲುಗಾಡಿಸಿ ತೆಗೀರಿ. ಮೋಟಾರಿನ ಗೇರ್ ಡಬ್ಬಿ ಮುಚ್ಚಳ ಬಿಚ್ಚೋಕ್ಕಿಂತ ಮೊದಲ ಮುಚ್ಚಳಕ್ಕೂ ಡಬ್ಬಿಗೂ ಸೇರಿಸಿ ಒಂದು ಗೀಟು ಕೊರೀರಿ. ಒಳಗ ಪಿನ್ ಮ್ಯಾಲಿನ ಲಾಕ್ ತೆಗೆದು ಆ ಸಣ್ಣ ತೋಳು ಎತ್ತಿದ್ರ ಕ್ರಾಸ್‌ಹೆಡ್ ಬಿಡ್ತದ. ಸಣ್ಣ ವಾಶರ್ ಇರ್ತಾವ, ಕಟೋರಿಯೊಳಗ ಹಾಕ್ಕೋರಿ.

ಈಗ ಗಂಜ್ ಬಾಜಾರಿಗೆ ಹೋಗಿ ಒಂದು ಸ್ಪ್ರಿಂಗ್ ತಕ್ಕಡಿ ತರ್ರಿ, ಕೈಲೆ ಎತ್ತಿ ಹಿಡಿಯೋ ಜಾತಿದು. ಅದರ ಕೊಕ್ಕಿ ಕ್ರಾಸ್‌ಹೆಡ್ಡಿನ ತೂತಿಗೆ ಸಿಗಿಸಿ ಕೇಬಲ್ ಮೆಲ್ಲಕ ಎಳೀರಿ. ಲೂಕಾಸ್ ಹೇಳೋ ಮಿತಿ 6 ಪೌಂಡು, ನಮ್ಮ ಲೆಕ್ಕದಾಗ 2.7 ಕಿಲೋ. ಅದಕ್ಕ ಹೆಚ್ಚು ಬಂದ್ರ ನಿಮ್ಮ ಮೋಟಾರ್ ತಪ್ಪಿಲ್ಲ. ತೊಗರಿ ವ್ಯಾಪಾರದ ಒಬ್ಬ ಸಾಹುಕಾರ್ರು ತಮ್ಮ ಗಾಡಿ ಕೇಬಲ್ಲಿಗೆ ನಾ ತಕ್ಕಡಿ ಹಾಕಿದ್ದು ನೋಡಿ ನಕ್ಕಿದ್ರು: "ಏನ್ ಉಸ್ತಾದ್, ವೈಪರ್‌ನೂ ತೂಕ ಮಾಡಿ ಮಾರ್ತೀರೇನು?" ಮುಳ್ಳು 5 ಕಿಲೋ ದಾಟಿ ನಿಂತಾಗ ಅವರೇ ಬಗ್ಗಿ ನೋಡಿದ್ರು. ಅದೇ ಮೋಟಾರನ್ನ ಬ್ಯಾರೆ ಕಡಿ ವೈಂಡಿಂಗ್ ಮಾಡಿಸಿ ರೊಕ್ಕ ಕೊಟ್ಟು ಬಂದಿದ್ರು ಪಾಪ.

ಬಿಗಿ ಎಲ್ಲಿ ಅಂತ ಹುಡುಕೋದು ಹಿಂಗ. ವೀಲ್‌ಬಾಕ್ಸಿನ ಹಿಂದಿನ ತಗಡಿನ ನಟ್ಟು ಸಡಿಲ ಮಾಡಿ ಮತ್ತ ಎಳೀರಿ. ಮುಳ್ಳು ಇಳಿದ್ರ ಕೊಳವಿಯೂ ವೀಲ್‌ಬಾಕ್ಸೂ ಒಂದೇ ಗೆರಿಯೊಳಗ ಇಲ್ಲ ಅಂತ ತಿಳೀರಿ. ಸರಿಸಿ ಸರಿಸಿ ಕೂಡಿಸಿ ಆಮ್ಯಾಲ ಬಿಗೀರಿ. ಇಳೀಲಿಲ್ಲಂದ್ರ ಕೇಬಲ್ ಪೂರಾ ಹೊರಗ ಎಳೀರಿ. ಕೊಳವಿ ಎಲ್ಲರೆ ಒತ್ತಿ ಚಪ್ಪಟಿ ಆಗ್ಯದೇನು ನೋಡ್ರಿ. ರೇಡಿಯೋ, ಏಸಿ ಕೂಡಿಸೋರು ಡ್ಯಾಶ್‌ಬೋರ್ಡ್ ಹಿಂದ ಕೈ ಹಾಕಿದಾಗ ಇದನ್ನ ಬಗ್ಗಿಸಿ ಹೋಗಿರ್ತಾರ. ಕೊಳವಿಯ ತಿರುವು 9 ಇಂಚು ತ್ರಿಜ್ಯಕ್ಕಿಂತ ಗಿಡ್ಡ ಇರಬಾರದು. ಕೊಳವಿಯೊಳಗ ಪೆಟ್ರೋಲ್ ಹಚ್ಚಿದ ಬಟ್ಟಿ ತಂತಿಗೆ ಕಟ್ಟಿ ಎಳೀರಿ; ಕರಿ ಅಂಟು ಬರ್ತದ, ಬಟ್ಟಿ ಬೆಳ್ಳಗ ಬರೋ ತನಕಾ ಎಳೀತಾ ಹೋಗ್ರಿ. ಬ್ಯಾಟ್ರಿ ವೈರ್ ಬಿಚ್ಚಿರ್ಬೇಕು, ಬೀಡಿ ಹತ್ರ ಇರಬಾರದು. ಕೇಬಲ್ಲಿಗೆ ಲಿಥಿಯಂ ಗ್ರೀಸ್ ತೆಳ್ಳಗ ಸವರ್ರಿ. ತುಂಬಿಸಿದ್ರ ಮುಂದಿನ ಬ್ಯಾಸಗಿಗೆ ಅದೇ ಅಂಟು ತಯಾರ್.

ವೀಲ್‌ಬಾಕ್ಸಿನ ದಂಡಿ ಕೈಲೇ ತಿರುಗಬೇಕು. ಮಳಿ ನೀರು ದಂಡಿ ಗುಂಟ ಇಳಿದು ಬುಶ್‌ದಾಗ ತುಕ್ಕು ಹಿಡಿಸ್ತದ. ತುಕ್ಕು ಬಿಡಿಸೋ ಎಣ್ಣಿ ಬಿಟ್ಟು ಒಂದು ರಾತ್ರಿ ಇಡ್ರಿ, ಮ್ಯಾಲಿನ ರಬ್ಬರ್ ರಿಂಗ್ ಹೊಸದು ಹಾಕ್ರಿ. ಇನ್ನ ಚಕ್ರದ ಹಲ್ಲು. ಚಕ್ರ ಎಂದೂ ಪೂರಾ ಸುತ್ತು ತಿರುಗಂಗಿಲ್ಲ, ಅರ್ಧಕ್ಕೂ ಕಮ್ಮಿ ಹಲ್ಲು ಕೆಲಸ ಮಾಡ್ತಾವ. ಸವದ್ರ ಹೊಸ ವೀಲ್‌ಬಾಕ್ಸ್ ಬ್ಯಾಡ: ಚಕ್ರ ಅರ್ಧ ಸುತ್ತು ತಿರುವಿ ಕೂಡಿಸ್ರಿ, ಇಷ್ಟು ವರ್ಷ ಸುಮ್ಮನಿದ್ದ ಹಲ್ಲು ಕೇಬಲ್ಲಿಗೆ ಸಿಗ್ತಾವ. ತೋಳು ಎಲ್ಲಿ ಬೇಕಲ್ಲಿ ಕೂಡ್ತದ, ದಂಡಿ ತುದಿಗೆ ಅದಕ್ಕಂತ ಸಣ್ಣ ಗೀರು ಅದಾವ. ನಮ್ಮ ಉಸ್ತಾದರು ಕಲಿಸಿದ ಈ ಉಪಾಯಕ್ಕ ನಾ ಇನ್ನೂ ರೊಕ್ಕ ತಗೋತೀನಿ, ಗಿರಾಕಿಗೆ ಹೊಸ ವೀಲ್‌ಬಾಕ್ಸಿನ ಖರ್ಚು ಉಳೀತದ.

ಇಷ್ಟಾದ ಮ್ಯಾಲ ಮೋಟಾರ್. ಕೇಬಲ್ ಇಲ್ಲದ ಖಾಲಿ ಮೋಟಾರ್ ಬ್ಯಾಟ್ರಿಗೆ ಹಚ್ಚಿ ಆಂಪಿಯರ್ ನೋಡ್ರಿ. ಒಂದೇ ಸ್ಪೀಡಿನ ಹಳೇ ಮೋಟಾರ್ ಸುಮಾರು 3 ಆಂಪಿಯರಿನೊಳಗ ಓಡಬೇಕು. 5-6 ತಿಂತಿದ್ರ ಒಳಗ ತಕರಾರು ಅದ. ಕಾರ್ಬನ್, ಅಂದ್ರ ತಿರುಗೋ ಭಾಗಕ್ಕ ಕರೆಂಟ್ ಮುಟ್ಟಿಸೋ ಬ್ರಶ್ಶು, 5 ಮಿಲಿಮೀಟರಿಗಿಂತ ಗಿಡ್ಡ ಆಗಿದ್ರ ಬದಲಿಸ್ರಿ. ಕಮ್ಯುಟೇಟರ್ (ಕಾರ್ಬನ್ ಉಜ್ಜೋ ತಾಮ್ರದ ಪಟ್ಟಿಗಳ ಉರುಳಿ) ತಿಕ್ಕಲಿಕ್ಕೆ ನುಣುಪು ಗಾಜಿನ ಕಾಗದ ಬಳಸ್ರಿ, ಎಮರಿ ಬ್ಯಾಡ, ಅದರ ಪುಡಿ ತಾಮ್ರದೊಳಗ ಹೂತು ಕಾರ್ಬನ್ ತಿಂತದ. ಪಟ್ಟಿಗಳ ನಡುವಿನ ಸಂದಿ ಸವೆಸಿದ ಹ್ಯಾಕ್ಸಾ ಬ್ಲೇಡಿನ ತುದಿಲಿಂದ ಬಿಡಿಸ್ರಿ. ಮುಚ್ಚಿದ ಮ್ಯಾಲ ಆರ್ಮೇಚರಿನ (ಒಳಗ ತಿರುಗೋ ಭಾಗದ) ತುದಿಯ ಸ್ಕ್ರೂ ಅದಕ್ಕ ಮುಟ್ಟೋ ತನಕಾ ಬಿಗಿದು ಕಾಲು ಸುತ್ತು ಹಿಂದ ಬಿಟ್ಟು ಲಾಕ್ ನಟ್ ಹಾಕ್ರಿ. ಆರ್ಮೇಚರಿಗೆ 0.2ರಿಂದ 0.3 ಮಿಲಿಮೀಟರ್ ಆಟ ಬೇಕು. ಆಟ ಇಲ್ಲಂದ್ರ ಬಿಸಿ ಆಗಿ ಕಚ್ಚತದ. ಕಾಯಿಲ್ ವಾಸನಿ ಬಂದು ಕರ್ರಗಾಗಿದ್ರ ಮಾತ್ರ ವೈಂಡಿಂಗ್ ಅಂಗಡಿಗೆ ಕಳಸ್ರಿ.

ಬಂದ್ ಮಾಡಿದಾಗ ತೋಳು ಗಾಜಿನ ನಡುವ ನಿಲ್ತಿದ್ರ ಅದು ಪಾರ್ಕ್ ಸ್ವಿಚ್, ಅಂದ್ರ ತೋಳನ್ನ ಕೆಳಗ ತನ್ನ ಜಾಗಕ್ಕ ತಂದು ನಿಲ್ಲಿಸೋ ಸ್ವಿಚ್ಚಿನ ಮಾತು. ಗೇರ್ ಡಬ್ಬಿ ಮ್ಯಾಲ ದುಂಡನೆ ಡೂಮ್ ಇದ್ದ ಮೋಟಾರಿಗೆ ಸ್ಕ್ರೂ ಸಡಿಲ ಮಾಡಿ ಡೂಮ್ ಜರಾ ಜರಾ ತಿರುವ್ರಿ, ಪ್ರತಿ ಸಲ ಚಾಲೂ-ಬಂದ್ ಮಾಡಿ ನೋಡ್ರಿ. ಮೊದಲ ಕೊರೆದ ಗೀಟು ಇಲ್ಲಿ ಕೆಲಸಕ್ಕ ಬರ್ತದ. ತೋಳು ಕೈಲೆ ನೂಕಿ ಕೆಳಗ ತರಬ್ಯಾಡ್ರಿ, ಹಲ್ಲು ಹೋಗ್ತಾವ.

ಈಗ ಸುಧಾರಣಾ ಮಾತು. "ಎರಡು ಸ್ಪೀಡ್ ಹಾಕಿ ಕೊಡ್ರಿ" ಅನ್ನೋರಿಗೆ ನಾ ಕೇಳೋದು, ಗಾಡಿಯೊಳಗ ಕರೆಂಟ್ ಹುಟ್ಟಿಸೋದು ಹಳೇ ಡೈನಮೋನೋ ಹೊಸ ಜಾತಿಯ ಆಲ್ಟರ್ನೇಟರೋ? ಲೂಕಾಸ್ ಸಿ-40 ಜಾತಿಯ ಡೈನಮೋ ಪೂರಾ ಓಡಿದಾಗ ಕೊಡೋದು 22 ಆಂಪಿಯರು, ಐಡಲ್‌ದಾಗ ಹೆಚ್ಚು ಕಮ್ಮಿ ಸೊನ್ನಿ. ಎರಡು 60 ವಾಟಿನ ಹೆಡ್‌ಲೈಟೇ 10 ತಿಂತಾವ. ಮಳಿಯೊಳಗ ನಮ್ಮೂರ ಸೂಪರ್ ಮಾರ್ಕೆಟ್ ಟ್ರಾಫಿಕ್‌ದಾಗ ನಿಂತು ಲೈಟು, ಹಾರ್ನು, ವೈಪರ್ ಕೂಡೇ ಹಚ್ಚಿದ್ರ ಯಾವ ಹೊಸ ಮೋಟಾರೂ ಮೆಲ್ಲಕೇ ಓಡ್ತದ. ರೊಕ್ಕ ಒಂದಕ್ಕೇ ಇದ್ರ ಪೈಲೆ ಆಲ್ಟರ್ನೇಟರ್ ಮಾಡಿಸ್ರಿ. ಅದರ ಜೋಡಿ ಒಂದು ರಿಲೇ ಹಾಕ್ರಿ, ಅಂದ್ರ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಚಾಲೂ ಮಾಡೋ ಸ್ವಿಚ್ಚು. ಅದರ ಕಾಲಿಗೆ ನಂಬರ್ ಇರ್ತಾವ: ಹಳೇ ಹಸಿರು ವೈರ್ 86ಕ್ಕ, 85 ಅರ್ಥಿಂಗಿಗೆ, ಬ್ಯಾಟ್ರಿಯಿಂದ 10 ಆಂಪಿಯರಿನ ಹೊಸ ಫ್ಯೂಸ್ ಹಾಯ್ದು 30ಕ್ಕ, 87ರಿಂದ ಮೋಟಾರಿಗೆ. ಹಳೇ ಮೋಟಾರೂ ಇದರಿಂದ ಜೋರಾಗೋದು ನೋಡಿದ ಮ್ಯಾಲ ಕೆಲವರು ಹೊಸದೇ ಬ್ಯಾಡ ಅಂತಾರ.

ಹೊಸದೇ ಬೇಕಂದ್ರ ಎರಡು ಸ್ಪೀಡಿನ, ಒಳಗ ಮ್ಯಾಗ್ನೆಟ್ ಇರೋ ರ್‍ಯಾಕ್ ಮೋಟಾರ್ ನೋಡ್ರಿ. ಅದರಾಗ ಮೂರು ಕಾರ್ಬನ್. ಮೂರನೇದು ಓರೆ ಜಾಗದಾಗ ಕೂತಿರ್ತದ, ಜೋರಿನ ಸ್ಪೀಡ್ ಅದರದು. ಲೂಕಾಸ್ 14ಡಬ್ಲ್ಯೂ ಜಾತಿದು ಖಾಲಿ ಓಡಿದಾಗ 2 ಆಂಪಿಯರ್ ದಾಟಂಗಿಲ್ಲ. ಕೊಳ್ಳೋ ಮುಂದ ಗೇರ್ ಚಕ್ರದ ಮ್ಯಾಲ ಒತ್ತಿದ ಅಂಕಿ ಓದ್ರಿ, 105, 115, ಹಿಂಗ ಇರ್ತದ. ತೋಳು ಎಷ್ಟು ಡಿಗ್ರಿ ಬೀಸ್ತದ ಅನ್ನೋದು ಅದು. ಬ್ಯಾರೆ ಗಾಡಿದು ಹಾಕಿದ್ರ ಬ್ಲೇಡ್ ಗಾಜಿನ ರಬ್ಬರಿಗೆ ಬಡೀತದ, ಇಲ್ಲಾ ಅರ್ಧ ಗಾಜು ಒರಸ್ತದ. ಹೊಸ ಕೇಬಲ್ ಹಳೇ ವೀಲ್‌ಬಾಕ್ಸಿನ ಹಲ್ಲಿಗೆ ಸರಿ ಕೂಡ್ತದೋ ಇಲ್ಲೋ ಅಂಗಡಿಯೊಳಗೇ ಹಾಕಿ ನೋಡ್ರಿ.

ಎರಡು ಎಚ್ಚರ. ಕಾಯಿಲ್ ಇರೋ ಹಳೇ ಮೋಟಾರಿಗೆ ಪ್ಲಸ್-ಮೈನಸ್ ಅದಲಿ ಬದಲಿ ಆದ್ರೂ ಅದೇ ದಿಕ್ಕಿಗೆ ತಿರುಗ್ತದ. ಮ್ಯಾಗ್ನೆಟ್ ಮೋಟಾರ್ ಉಲ್ಟಾ ತಿರುಗ್ತದ. ಹಳೇ ಇಂಗ್ಲಿಷ್ ಗಾಡಿಗಳಿಗೆ ಪ್ಲಸ್ ಅರ್ಥಿಂಗ್ ಇರ್ತಿತ್ತು, ಬ್ಯಾಟ್ರಿ ನೋಡ್ದೆ ಹಚ್ಚಬ್ಯಾಡ್ರಿ. ಎರಡನೇದು, ಮ್ಯಾಗ್ನೆಟ್ ಮೋಟಾರ್ ಬಿಚ್ಚಿದಾಗ ಮ್ಯಾಗ್ನೆಟ್ ಡಬ್ಬಿ ಗುರುತಿಗೆ ಗುರುತು ಹಚ್ಚೇ ಕೂಡಿಸ್ರಿ. ಅರ್ಧ ಸುತ್ತು ತಪ್ಪಿ ಕೂತ್ರೂ ಉಲ್ಟಾ ಓಡಿ ಪಾರ್ಕ್ ಸ್ವಿಚ್ ಮುರೀತದ. ಹಾತೋಡಿಲಿಂದ ಬಡದ್ರ ಮ್ಯಾಗ್ನೆಟ್ಟೇ ಸೀಳ್ತದ. ತಡೆದು ತಡೆದು ಒರಸೋ ಟೈಮರ್ ಬೇಕಂದ್ರ ಪಾರ್ಕ್ ವೈರ್ ಕತ್ತರಿಸಬ್ಯಾಡ್ರಿ: ಬಂದ್ ಮಾಡಿದಾಗ ಆ ಸ್ವಿಚ್ಚೇ ಮೋಟಾರಿನ ಕಾರ್ಬನ್ ಅರ್ಥಿಂಗಿಗೆ ಜೋಡಿಸಿ ಬ್ರೇಕ್ ಹಾಕ್ತದ. ಅದು ತಪ್ಪಿದ್ರ ತೋಳು ತನ್ನ ಜಾಗ ದಾಟಿ ಹೋಗ್ತದ.

ಪದ್ಮಿನಿಗೆ ಹೇಳೋದು ಕಮ್ಮಿ. ಲಿಂಕಿನ ಬುಶ್ ಸವದು ಖಟಖಟ ಅಂತಾವ, ಬ್ಲೇಡ್ ಗಾಜಿನ ಅಂಚಿಗೆ ಬಡೀತದ. ಬುಶ್ ಹೊಸದು ಹಾಕಿ ಗ್ರೀಸ್ ಹಚ್ಚಿದ್ರ ಮುಗೀತು. ಅದಕ್ಕ ಮಾರುತಿ 800ರ ಮೋಟಾರ್ ಹಚ್ಚಿಕೊಳ್ಳೋರು ಅದಾರ. ಮೋಟಾರಿನ ಕ್ರ್ಯಾಂಕ್ ತೋಳು ಹಳೇದರಷ್ಟೇ ಉದ್ದ ಇರ್ಬೇಕು, ಹೆಚ್ಚಾದ್ರ ಬೀಸೂ ಹೆಚ್ಚಾಗ್ತದ. ಅದಕ್ಕಂತ ಬಾಡಿ ಕೊರಿಯೋದು, ವೆಲ್ಡಿಂಗ್ ಮಾಡೋದು ನನಗ ಸೇರಂಗಿಲ್ಲ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನಂಬರ್ ಕೊಡೋ ನಿಯಮ 2021ರಾಗ ಬಂದದ. ಅದಕ್ಕ ಗಾಡಿ ಮೂಲ ರೂಪದಾಗೇ ಇರ್ಬೇಕು. ಬೋಲ್ಟ್ ಬಿಚ್ಚಿದ್ರ ಹಳೇದು ಮತ್ತ ಕೂಡೋ ಹಂಗ ತಗಡಿನ ಪಟ್ಟಿ ಮಾಡಿಸ್ರಿ.

ಬ್ಲೇಡ್ ಹೊಸದು ಹಾಕೋದು ಕಡೀಗೆ. ಶಹಾಬಾದ್, ವಾಡಿ, ಸೇಡಂ ಕಡಿ ಓಡಾಡೋ ಗಾಡಿ ಗಾಜಿನ ಮ್ಯಾಲ ಕಲ್ಲಿನ ಧೂಳು ಕೂತಿರ್ತದ, ನೀರು ಹೊಡೀದೆ ವೈಪರ್ ಹಚ್ಚಿದ್ರ ಗಾಜಿಗೆ ಗೀರು ಬೀಳ್ತಾವ. ಬ್ಯಾಸಗಿಯೊಳಗೂ ತಿಂಗಳಿಗೆ ಒಂದ್ಸಲ ನೀರು ಹೊಡೆದು ಎರಡು ಮಿನಿಟ್ ಓಡಸ್ರಿ, ಗ್ರೀಸ್ ಮೆತ್ತಗ ಇರ್ತದ.

ಬದಲಿ ಮೋಟಾರ್ ಹಾಕಿದೋರು ಹಳೇದನ್ನ ಗುಜರಿಗೆ ಕೊಡಬ್ಯಾಡ್ರಿ. ಅಂಬಾಸಿಡರ್ ಮಾಡೋದು ನಿಂತಿದ್ದು 2014ರಾಗ, ನಮ್ಮ ಗುಲ್ಬರ್ಗಾ ಕಲಬುರಗಿ ಆದ ವರ್ಷವೇ. ಈಗ ಕ್ರಾಸ್‌ಹೆಡ್ಡು, ಡೂಮ್ ಮುಚ್ಚಳ ಅಂದ್ರ ಹೈದರಾಬಾದಿನ ರಾಣಿಗಂಜ್‌ದಾಗ ಅಡ್ಡಾಡಿದ್ರೂ ಒಂದೊಂದ್ಸಲ ಖಾಲಿ ಕೈಲೆ ಬರಬೇಕಾಗ್ತದ. ಗ್ರೀಸ್ ಸವರಿ, ಪ್ಲಾಸ್ಟಿಕ್ ಸುತ್ತಿ, ಯಾವ ವರ್ಷದ ಗಾಡಿದು, ಗೇರ್ ಚಕ್ರದ ಅಂಕಿ ಎಷ್ಟು ಅಂತ ಚೀಟಿ ಬರೆದು ಕಟ್ಟಿ ಇಡ್ರಿ.